ಲೋಳೆ ಕಟ್ಟಿದ ಮೇಲೆ ಬರೀ ಮಾತ್ರೆ ಸಾಲದು: ಬಯೋಫಿಲ್ಮ್ ಜೊತೆ ಏಗುವ ಮನೆಮಂದಿಗೆ

ನಾಲ್ಕು ದಿನ ನೀರು ತುಂಬಿಟ್ಟ ಪ್ಲಾಸ್ಟಿಕ್ ಬಿಂದಿಗೆಯನ್ನು ಖಾಲಿ ಮಾಡಿ, ಒಳಗೆ ಕೈ ಹಾಕಿ ಬೆರಳಿನಿಂದ ತಡವಿ ನೋಡಿ. ಜಾರುತ್ತದೆ ಅಲ್ವಾ? ನೀರು ತಿಳಿಯಾಗಿಯೇ ಇತ್ತು, ಕಣ್ಣಿಗೆ ಏನೂ ಕಾಣುತ್ತಿಲ್ಲ, ಆದರೆ ಬೆರಳಿಗೆ ಗೊತ್ತಾಗುತ್ತದೆ. ಇನ್ನೊಂದು ಸಲ ನೀರು ಹಾಕಿ ಕುಲುಕಿ ಚೆಲ್ಲಿ. ಆಗಲೂ ಜಾರುತ್ತದೆ. ನಾರು ಹಾಕಿ ಗಸಗಸ ತಿಕ್ಕಿದಾಗ ಮಾತ್ರ ಬೆರಳಿಗೆ ಕಿರ್ ಅಂತ ಹತ್ತುವ ಹಾಗೆ ಆಗುತ್ತದೆ. ಬ್ಯಾಕ್ಟೀರಿಯಾ ಗುಂಪುಗೂಡಿ ಅಂಟಿಕೊಂಡು ಕಟ್ಟಿದ ಆ ಜಾರುವ ಲೋಳೆಗೇ ಬಯೋಫಿಲ್ಮ್ ಎನ್ನುವುದು.

ಬಿಂದಿಗೆಯಲ್ಲಿ ಆದದ್ದೇ ನಮ್ಮ ಹಲ್ಲಿನ ಮೇಲೆ, ಮೂತ್ರಕ್ಕೆ ಹಾಕಿದ ಪೈಪಿನೊಳಗೆ, ಲೆನ್ಸ್ ಡಬ್ಬಿಯಲ್ಲಿ, ಮಾಯದ ಗಾಯದಲ್ಲಿ, ಮಂಡಿಗೆ ಕೂರಿಸಿದ ಲೋಹದ ಮೇಲೂ ಆಗುತ್ತದೆ. ಅಲ್ಲಿ ಅದು ಸೋಂಕಾಗಿ ಬೆಳೆದರೆ ಮಾತ್ರೆ ನುಂಗಿ, ಜ್ವರ ಇಳಿದು, ಹದಿನೈದು ದಿನಕ್ಕೆ ಮತ್ತೆ ಅದೇ ಜ್ವರ ಬಂದು, ಮತ್ತೆ ಮಾತ್ರೆ ನುಂಗುವ ಸುತ್ತು ಶುರುವಾಗುತ್ತದೆ.

ನಾನು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುವವನು, ಡಾಕ್ಟರ್ ಅಲ್ಲ. ಬಯೋಫಿಲ್ಮ್ ಅಂದರೇನು ಅಂತ ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಆದರೂ ನಮ್ಮ ಅಪ್ಪನಿಗೆ ಯೂರಿನ್ ಪೈಪ್ ಹಾಕಿದ ಮೇಲೆ ಅದೇ ಸುತ್ತಿನಲ್ಲಿ ಮೂರು ಸಲ ಸುತ್ತಿದೆ. ಹಾಗಾಗಿ ಈ ಬರಹದಲ್ಲಿ ಪಾಠಕ್ಕಿಂತ ಪಟ್ಟ ಪಾಡೇ ಜಾಸ್ತಿ.

ಹೆಜ್ಜೆ 1: ಮಾತ್ರೆ ಯಾಕೆ ಸೋಲುತ್ತದೆ ಅಂತ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹಾರಬೇಡಿ. ಇದು ಗೊತ್ತಾದರೆ ಉಳಿದ ಹೆಜ್ಜೆಗಳು ಯಾಕೆ ಅಂತ ತಾನಾಗಿ ಗೊತ್ತಾಗುತ್ತದೆ.

ನೀರಿನಲ್ಲಿ ಅಥವಾ ರಕ್ತದಲ್ಲಿ ಒಂಟಿಯಾಗಿ ತೇಲುವ ಬ್ಯಾಕ್ಟೀರಿಯಾ ಒಂದು ರೀತಿ, ಎಲ್ಲಾದರೂ ಅಂಟಿಕೊಂಡು ಕೂತದ್ದು ಇನ್ನೊಂದು ರೀತಿ. ಅಂಟಿಕೊಂಡ ಮೇಲೆ ಅವು ಸುತ್ತಲೂ ಸಕ್ಕರೆ ಜಾತಿಯ ಅಂಟು, ಪ್ರೋಟೀನು, ಸತ್ತವುಗಳ ಡಿಎನ್ಎ ಎಲ್ಲ ಸೇರಿಸಿ ಲೋಳೆ ಕಟ್ಟುತ್ತವೆ. ಆ ಲೋಳೆಯಲ್ಲಿ ಹೆಚ್ಚಿನ ಪಾಲು ನೀರೇ. ಒಳಗೆ ಸಣ್ಣ ಸಣ್ಣ ಕಾಲುವೆಗಳೂ ಇರುತ್ತವೆ. ಅಕ್ಕಪಕ್ಕದವು ರಾಸಾಯನಿಕ ಬಿಟ್ಟು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಸಾಕಷ್ಟು ಜನ ಸೇರಿದ್ದೇವೆ ಅಂತ ಗೊತ್ತಾದ ಮೇಲೆ ನಡವಳಿಕೆಯನ್ನೇ ಬದಲಿಸುತ್ತವೆ. ಒಂದು ಓಣಿ ಹುಟ್ಟಿಕೊಂಡಂತೆ.

ಈ ಓಣಿಯ ಹೊರಸಾಲಿನವಕ್ಕೆ ಊಟ, ಗಾಳಿ ಎಲ್ಲ ಸಿಗುತ್ತದೆ. ಅವು ಬೆಳೆಯುತ್ತಿರುತ್ತವೆ. ತಳದಲ್ಲಿರುವವಕ್ಕೆ ಸಿಗುವುದು ಕಡಿಮೆ, ಅವು ಅರೆನಿದ್ದೆಯಲ್ಲಿ ಇರುತ್ತವೆ. ಪೆನಿಸಿಲಿನ್ ಥರದ ಔಷಧಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಬೆಳೆಯುತ್ತಾ ಗೋಡೆ ಕಟ್ಟಿಕೊಳ್ಳುವಾಗ. ನಿದ್ದೆ ಹೋದದ್ದು ಗೋಡೆಯನ್ನೇ ಕಟ್ಟುತ್ತಿಲ್ಲ, ಔಷಧಿ ಏನು ಮಾಡೀತು? ಐರ್ಲೆಂಡಿನ ವಿಜ್ಞಾನಿ ಜೋಸೆಫ್ ಬಿಗ್ಗರ್ 1944ರಲ್ಲೇ ಇಂಥದ್ದನ್ನು ಕಂಡಿದ್ದರು. ಪೆನಿಸಿಲಿನ್ ಹಾಕಿ ಕೊಂದರೂ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಗುಂಪಿನಲ್ಲಿ ಕೆಲವೇ ಕೆಲವು ಬದುಕಿ ಉಳಿಯುತ್ತಿದ್ದವು. ಅವುಗಳಿಗೆ ಪರ್ಸಿಸ್ಟರ್ ಅಂತ ಹೆಸರಿಟ್ಟರು. ಹಟಮಾರಿಗಳು ಅನ್ನೋಣ. ಮಾತ್ರೆ ನಿಲ್ಲಿಸಿದ ಮೇಲೆ ಇವು ಎದ್ದು ಮತ್ತೆ ಓಣಿ ಕಟ್ಟುತ್ತವೆ.

ಇಲ್ಲೊಂದು ಮುಖ್ಯವಾದ ವಿಷಯ. ಕಲ್ಚರ್ ಅಂದರೆ ಸ್ಯಾಂಪಲ್ಲಿನಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಅದರ ರಿಪೋರ್ಟಿನಲ್ಲಿ ಔಷಧಿಗಳ ಪಟ್ಟಿ ಇರುತ್ತದೆ, ಎದುರಿಗೆ ಎಸ್ ಅಥವಾ ಆರ್ ಅಂತ. ಎಸ್ ಅಂದರೆ ಔಷಧಿ ಹತ್ತುತ್ತದೆ, ಆರ್ ಅಂದರೆ ಹತ್ತುವುದಿಲ್ಲ. ಆದರೆ ಆ ಪರೀಕ್ಷೆ ಮಾಡುವುದು ಲೋಳೆ ಕಟ್ಟಿದ ಬ್ಯಾಕ್ಟೀರಿಯಾ ಮೇಲಲ್ಲ, ಲ್ಯಾಬಿನಲ್ಲಿ ಬಿಡಿಬಿಡಿಯಾಗಿ ಬೆಳೆಸಿದ್ದರ ಮೇಲೆ. ಅದೇ ಜೀವಿ ಲೋಳೆಯೊಳಗೆ ಕೂತರೆ ಕೆಲವು ಔಷಧಿಗಳನ್ನು ನೂರಾರು ಪಟ್ಟು, ಸಾವಿರ ಪಟ್ಟಿನವರೆಗೂ ತಡೆದುಕೊಳ್ಳಬಲ್ಲದು. ಅದಕ್ಕೇ ರಿಪೋರ್ಟಿನಲ್ಲಿ ಎಸ್ ಇದ್ದರೂ ಜ್ವರ ಮರಳುವುದು. ಅಪ್ಪನ ರಿಪೋರ್ಟಿನಲ್ಲೂ ಎಸ್ಸೇ ಇತ್ತು.

ಈ ಸಂಗತಿಗೆ ಮುನ್ನೂರು ವರ್ಷಕ್ಕೂ ಜಾಸ್ತಿ ವಯಸ್ಸಾಗಿದೆ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿ ಪಾಚಿ ಕೆರೆದು, ತಾನೇ ಮಾಡಿದ ಭೂತಗನ್ನಡಿಯಲ್ಲಿ ನೋಡಿ, ಒಳಗೆ ಜೀವಿಗಳು ಕುಣಿಯುತ್ತಿವೆ ಅಂತ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಕಾಗದ ಬರೆದ. ವಿನೆಗರ್ ಹಾಕಿಯೂ ನೋಡಿದ. ಹಲ್ಲಿನ ಮೇಲಿದ್ದಾಗ ಪಾಚಿಯ ಹೊರಗಿನವು ಮಾತ್ರ ಸತ್ತವು, ಒಳಗಿನವು ಹಾಗೇ ಇದ್ದವು. ಔಷಧಿ ಒಳಗೆ ಇಳಿಯುವುದಿಲ್ಲ ಅಂತ ಅವನಿಗೆ ಆಗಲೇ ಗೊತ್ತಾಗಿತ್ತು, ಆದರೆ ನಮ್ಮ ವೈದ್ಯಲೋಕ ಇದನ್ನು ಗಂಭೀರವಾಗಿ ತೆಗೆದುಕೊಂಡದ್ದು 1970ರ ದಶಕದಿಂದೀಚೆ, ಕೆನಡಾದ ವಿಜ್ಞಾನಿ ಬಿಲ್ ಕಾಸ್ಟರ್‌ಟನ್ ಥರದವರು ಬೆನ್ನು ಹತ್ತಿದ ಮೇಲೆ.

ಹೆಜ್ಜೆ 2: ನಿಮ್ಮ ಮನೆಯಲ್ಲಿ ಅದು ಎಲ್ಲಿದೆ ಅಂತ ವಿಂಗಡಿಸಿ

ಒಂದು ಹಾಳೆ ತೆಗೆದುಕೊಳ್ಳಿ. ಮನೆಯ ಪ್ರತಿಯೊಬ್ಬರ ಹೆಸರು ಬರೆದು, ಅವರ ಮೈಯಲ್ಲಿ ಅಥವಾ ಮೈಗೆ ತಾಗುವ ಹಾಗೆ ಏನೇನಿದೆ ಬರೆಯಿರಿ. ಹಲ್ಲು ಎಲ್ಲರಿಗೂ ಇದೆ. ಅಜ್ಜಿಗೆ ಹಲ್ಲುಸೆಟ್, ಮಗಳಿಗೆ ಕಾಂಟ್ಯಾಕ್ಟ್ ಲೆನ್ಸ್, ಮಾವನಿಗೆ ಮಂಡಿ ಆಪರೇಷನ್ ಆಗಿದೆ, ಅತ್ತೆಗೆ ಶುಗರ್ ಇದ್ದು ಕಾಲಿನ ಗಾಯ ಮಾಯುತ್ತಿಲ್ಲ, ಹೀಗೆ.

ಆಮೇಲೆ ಒಂದೊಂದರ ಮುಂದೆಯೂ ಈ ಪ್ರಶ್ನೆ ಕೇಳಿ: ಇದನ್ನು ಕೈಯಿಂದ ಉಜ್ಜಬಹುದಾ? ಉಜ್ಜಬಹುದಾದರೆ ದಿನಾ ಉಜ್ಜುವುದೇ ಮದ್ದು. ಉಜ್ಜಲು ಆಗದಿದ್ದರೆ, ಪೈಪಿನ ಒಳಭಾಗದ ಹಾಗೆ, ತೆಗೆದು ಹೊಸದು ಹಾಕುವುದು ಮದ್ದು. ಉಜ್ಜಲೂ ಆಗದು, ಸುಲಭಕ್ಕೆ ತೆಗೆಯಲೂ ಆಗದು ಅಂತಿದ್ದರೆ ಅಲ್ಲಿ ತಡ ಮಾಡದಿರುವುದೊಂದೇ ದಾರಿ. ಮುಂದಿನದೆಲ್ಲ ಈ ವಿಂಗಡಣೆಯ ಮೇಲೇ ನಿಂತಿದೆ.

ಬಿಂದಿಗೆ, ಬಚ್ಚಲ ಮೂಲೆ, ಸಿಂಕಿನ ಲೋಳೆ ಕಂಡು ಗಾಬರಿ ಬೀಳಬೇಡಿ. ಗಟ್ಟಿಮುಟ್ಟಾದವರಿಗೆ ಅದರಿಂದ ಅಷ್ಟೇನೂ ಆಗುವುದಿಲ್ಲ. ಲೋಳೆಯೆಲ್ಲ ಕೆಟ್ಟದ್ದೂ ಅಲ್ಲ. ಕೊಳಚೆ ನೀರು ಶುದ್ಧ ಮಾಡುವ ಘಟಕಗಳಲ್ಲಿ ಕಲ್ಲಿನ ಮೇಲೆ ಬೆಳೆಸಿದ ಲೋಳೆಯೇ ನಮ್ಮ ಹೊಲಸನ್ನು ತಿಂದು ಕೆಲಸ ಮಾಡುತ್ತದೆ.

ಹೆಜ್ಜೆ 3: ಹಲ್ಲು, ಹಲ್ಲುಸೆಟ್

ಹಲ್ಲಿನ ಪಾಚಿ ಅಂತ ನಾವು ಹೇಳುವುದು ಶುದ್ಧ ಬಯೋಫಿಲ್ಮ್. ಹಲ್ಲುಜ್ಜಿ ಕೆಲವೇ ನಿಮಿಷಕ್ಕೆ ಜೊಲ್ಲಿನ ಪ್ರೋಟೀನು ಹಲ್ಲಿಗೆ ತೆಳ್ಳಗೆ ಸವರಿಕೊಳ್ಳುತ್ತದೆ, ಅದಕ್ಕೆ ಬ್ಯಾಕ್ಟೀರಿಯಾ ಅಂಟುತ್ತದೆ, ಅದರ ಮೇಲೆ ಇನ್ನೊಂದು ಜಾತಿ ಬಂದು ಕೂರುತ್ತದೆ. ತೆಗೆಯದೆ ಬಿಟ್ಟರೆ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಗಾರೆಯಾದ ಮೇಲೆ ಬ್ರಷ್‌ಗೆ ಬರುವುದಿಲ್ಲ, ಡೆಂಟಿಸ್ಟ್ ಬಳಿ ಕ್ಲೀನಿಂಗ್ ಮಾಡಿಸಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅಂತ ಹೆದರುವವರು ಇನ್ನೂ ಇದ್ದಾರೆ. ಸಡಿಲ ಮಾಡುವುದು ಗಾರೆ. ಅದು ತೆಗೆದ ಮೇಲೆ ಗೊತ್ತಾಗುತ್ತದೆ ಅಷ್ಟೆ.

ಡೆನ್ಮಾರ್ಕಿನ ಆರ್‌ಹುಸ್‌ನಲ್ಲಿ 1965ರಲ್ಲಿ ಹೆರಾಲ್ಡ್ ಲೋ ಮತ್ತು ಜೊತೆಯವರು 12 ಜನಕ್ಕೆ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಎಲ್ಲರ ಒಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ವಾರದ ಆಸುಪಾಸಿನಲ್ಲಿ ಇಳಿಯಿತು. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಅದಕ್ಕೇ ಮೌತ್‌ವಾಶ್ ಜಾಹೀರಾತು ನೋಡಿದಾಗ ನನಗೆ ಲೇವನ್‌ಹುಕ್‌ನ ವಿನೆಗರ್ ನೆನಪಾಗುತ್ತದೆ. ಮುಕ್ಕಳಿಸಿದ್ದು ಮೇಲಿನ ಸಾಲಿಗೆ ಮಾತ್ರ. ಉಜ್ಜಿದ್ದು ಬುಡಕ್ಕೆ.

ಮಾಡಬೇಕಾದ್ದು: ದಿನಕ್ಕೆ ಎರಡು ಸಲ, ಮೆತ್ತನೆಯ ಬ್ರಷ್, ಫ್ಲೋರೈಡ್ ಪೇಸ್ಟ್, ಎರಡು ನಿಮಿಷ. ಒಸಡು ಹಲ್ಲು ಸೇರುವ ಗೆರೆಯ ಮೇಲೆ ಬ್ರಷ್ ಓರೆಯಾಗಿ ಹಿಡಿಯಿರಿ. ರಾತ್ರಿ ಉಜ್ಜುವುದು ಬೆಳಿಗ್ಗೆಯದಕ್ಕಿಂತ ಮುಖ್ಯ, ನಮ್ಮ ಮನೆಗಳಲ್ಲಿ ತಪ್ಪುವುದೂ ಅದೇ. ಹಲ್ಲಿನ ಸಂದಿಗೆ ಬ್ರಷ್ ಹೋಗುವುದಿಲ್ಲ, ಅಲ್ಲಿಗೆ ಫ್ಲಾಸ್ ದಾರ ಅಥವಾ ಸಂದಿಯ ಪುಟ್ಟ ಬ್ರಷ್. ಒಸಡಲ್ಲಿ ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸಬೇಡಿ, ಅದು ಪಾಚಿ ಕೂತ ಜಾಗದ ಗುರುತು. ಎರಡು ವಾರವಾದರೂ ನಿಲ್ಲದಿದ್ದರೆ ತೋರಿಸಿ.

ಅಜ್ಜ ಅಜ್ಜಿಯರ ಹಲ್ಲುಸೆಟ್ ರಾತ್ರಿ ತೆಗೆಯಲೇಬೇಕು. ಜಪಾನಿನಲ್ಲಿ 85 ದಾಟಿದ 524 ಜನರನ್ನು ಮೂರು ವರ್ಷ ಗಮನಿಸಿದಾಗ, ಹಲ್ಲುಸೆಟ್ ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಹೆಚ್ಚುಕಡಿಮೆ ಎರಡು ಪಟ್ಟು ಇತ್ತು. ಸೆಟ್ಟಿನ ಮೇಲಿನ ಲೋಳೆ ನಿದ್ದೆಯಲ್ಲಿ ಜೊಲ್ಲಿನ ಜೊತೆ ಶ್ವಾಸಕ್ಕೆ ಇಳಿಯಬಹುದಲ್ಲ. ಸೆಟ್ಟನ್ನು ದಿನಾ ಬ್ರಷ್ಷಿನಿಂದ, ಸಾದಾ ಸೋಪಿನಿಂದ ಎರಡೂ ಬದಿ ಉಜ್ಜಿ. ಟೂತ್‌ಪೇಸ್ಟ್ ಬೇಡ, ಅದು ಗೀರು ಹಾಕುತ್ತದೆ, ಗೀರಿನಲ್ಲಿ ಲೋಳೆ ಕೂರುತ್ತದೆ. ಆಮೇಲೆ ನೀರಿನಲ್ಲಿ ಮುಳುಗಿಸಿಡಿ. ಕುದಿಯುವ ನೀರು ಹಾಕಿದರೆ ಆಕಾರ ಕೆಡುತ್ತದೆ. ಬಟ್ಟಲನ್ನೂ ತೊಳೆಯಿರಿ, ಅದನ್ನು ಮರೆಯುವವರೇ ಜಾಸ್ತಿ.

ಹೆಜ್ಜೆ 4: ಯೂರಿನ್ ಪೈಪ್

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಅಪ್ಪನಿಗೆ ಪಾರ್ಶ್ವವಾಯು ಆದ ಮೇಲೆ ಮೂತ್ರ ಕಟ್ಟಿಕೊಂಡು ಪೈಪ್ ಹಾಕಿ ಮನೆಗೆ ಕಳಿಸಿದರು. ಮೂರನೇ ವಾರಕ್ಕೆ ಮೂತ್ರ ಮಬ್ಬಾಯಿತು, ವಾಸನೆ ಬಂತು. ನಾನೇ ಬುದ್ಧಿವಂತ ಅಂದುಕೊಂಡು ಬ್ಯಾಗಿನಿಂದ ಸ್ವಲ್ಪ ಬಸಿದು ಲ್ಯಾಬಿಗೆ ಕೊಟ್ಟೆ. ಪಸ್ ಸೆಲ್ಸ್, ಅಂದರೆ ಕೀವಿನ ಕಣಗಳು, ಜಾಸ್ತಿ ಅಂತ ಬಂತು. ಮಾತ್ರೆ ಬಂತು. ಐದು ದಿನಕ್ಕೆ ತಿಳಿಯಾಯಿತು, ಎರಡು ವಾರಕ್ಕೆ ಮತ್ತೆ ಅದೇ. ಎರಡನೇ ಸಲ ಬೇರೆ ಮಾತ್ರೆ. ಮೂರನೇ ಸಲ ಇಂಜೆಕ್ಷನ್. ಅಪ್ಪನಿಗೆ ಊಟ ಸೇರುತ್ತಿರಲಿಲ್ಲ, ಬೇಧಿ ಬೇರೆ. ಮೂರು ಸಲವೂ ಪೈಪ್ ಮಾತ್ರ ಅದೇ ಹಳೇದು. ಬದಲಿಸಿ ಅಂತ ನೋಡಿದವರು ಹೇಳಲಿಲ್ಲ, ಬದಲಿಸಬೇಕಾ ಅಂತ ನಾನೂ ಕೇಳಲಿಲ್ಲ.

ಒಂದು ರಾತ್ರಿ ಮೂತ್ರ ಇಳಿಯುವುದೇ ನಿಂತಿತು. ಕೆಳಹೊಟ್ಟೆ ಕಲ್ಲಿನ ಹಾಗೆ. ಮನೆಗೆ ಬಂದ ಸಿಸ್ಟರ್ ಹಳೇ ಪೈಪ್ ತೆಗೆದು ಹೊಸದು ಹಾಕಿದರು. ಒಂದೂವರೆ ಲೀಟರ್ ಹತ್ತಿರ ಇಳಿಯಿತು, ಅಪ್ಪ ನಿಟ್ಟುಸಿರು ಬಿಟ್ಟರು. ಆಮೇಲೆ ಆಕೆ ಹಳೇ ಪೈಪಿನ ತುದಿಯನ್ನು ಪೇಪರ್ ಮೇಲಿಟ್ಟು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೋರಿಸಿದರು. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳದಲ್ಲಿ ಸುಣ್ಣ ಕಟ್ಟುತ್ತದಲ್ಲ, ಥೇಟ್ ಹಾಗೆ. ಬೂದು ಬಣ್ಣ, ಉಗುರು ತಾಗಿಸಿದರೆ ಗರಗರ. ಕೆಳಗೆ ಕಂದು ಲೋಳೆ. ನಡುವೆ ಸೂಜಿ ಹೋಗುವಷ್ಟೂ ಜಾಗವಿರಲಿಲ್ಲ. "ನೋಡಿ ಅಣ್ಣಾ, ಇದಕ್ಕೆ ಮಾತ್ರೆ ಹತ್ತುತ್ತಾ?" ಅಂದರು. ಬಯೋಫಿಲ್ಮ್ ಬಗ್ಗೆ ಇಪ್ಪತ್ತು ಮಾರ್ಕಿನ ಪ್ರಶ್ನೆ ಹಾಕುವವನು ನಾನು. ಬಾಯಿ ಬರಲಿಲ್ಲ.

ಪೈಪಿನೊಳಗೆ ಇಂಥ ಗಾರೆ ಕಟ್ಟುವುದರಲ್ಲಿ ಪ್ರೋಟಿಯಸ್ ಮಿರಾಬಿಲಿಸ್ ಎಂಬ ಬ್ಯಾಕ್ಟೀರಿಯಾದ ಕೈ ದೊಡ್ಡದು. ಅದು ಮೂತ್ರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಮೂತ್ರ ಕ್ಷಾರವಾಗುತ್ತದೆ, ಅದರಲ್ಲಿದ್ದ ಮೆಗ್ನೀಸಿಯಂ, ಕ್ಯಾಲ್ಸಿಯಂ, ಫಾಸ್ಫೇಟ್ ಹರಳುಗಟ್ಟಿ ಲೋಳೆಯೊಳಗೇ ಸಿಕ್ಕಿಕೊಳ್ಳುತ್ತವೆ.

ಈಗ ಮಾಡಬೇಕಾದ್ದು, ಒಂದೊಂದಾಗಿ.

ಮೊದಲ ಪ್ರಶ್ನೆ: ಪೈಪ್ ಇನ್ನೂ ಬೇಕಾ? ಆಸ್ಪತ್ರೆಯಲ್ಲಿದ್ದರೆ ಇದನ್ನು ದಿನಾ ಕೇಳಿ, ನಾಚಿಕೆ ಬೇಡ. ಪೈಪ್ ಇದ್ದಷ್ಟು ದಿನ, ದಿನಕ್ಕೆ 3ರಿಂದ 7 ಶೇಕಡಾ ಹೊಸ ಜನರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುತ್ತಾ ಹೋಗುತ್ತದೆ, ತಿಂಗಳಾದರೆ ಬಹುತೇಕ ಎಲ್ಲರಲ್ಲೂ ಇರುತ್ತದೆ. ಪಕ್ಕೆ ಬದಲಿಸುವುದು ಕಷ್ಟ, ಬಟ್ಟೆ ಒದ್ದೆಯಾಗುತ್ತದೆ ಅಂತ ಪೈಪ್ ಇಟ್ಟುಕೊಳ್ಳುವುದಾದರೆ ಗಂಡಸರಿಗೆ ಹೊರಗಿನಿಂದ ಹಾಕುವ ಕಾಂಡೋಮ್ ಕ್ಯಾಥೆಟರ್, ಅಥವಾ ಡೈಪರ್ ಆಗುತ್ತದಾ ಅಂತ ಕೇಳಿ. ಮೂತ್ರ ಕಟ್ಟುವವರಿಗೆ ದಿನಕ್ಕೆ ಕೆಲವು ಸಲ ಹಾಕಿ ತೆಗೆಯುವ ಪೈಪಿನ ದಾರಿಯೂ ಇದೆ. ಅದನ್ನು ಕಲಿಸಿಕೊಡುತ್ತಾರೆ.

ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ಗಾಲಿಕುರ್ಚಿಗೆ ಎತ್ತಿ ಕೂರಿಸುವಾಗ ಬ್ಯಾಗನ್ನು ಹೊಟ್ಟೆ ಮೇಲಿಟ್ಟು ಸಾಗಿಸುತ್ತಾರಲ್ಲ, ಆಗ ಬ್ಯಾಗಿನದು ವಾಪಸ್ ಒಳಗೆ ಹರಿಯುತ್ತದೆ. ಪೈಪ್ ಮಡಚಿಕೊಳ್ಳದಂತೆ ತೊಡೆಗೆ ಪಟ್ಟಿ ಹಾಕಿ ನಿಲ್ಲಿಸಿ. ಬ್ಯಾಗ್ ಮೂರರಲ್ಲಿ ಎರಡು ಪಾಲು ತುಂಬುವ ಮೊದಲೇ ಖಾಲಿ ಮಾಡಿ, ಕೆಳಗಿನ ನಲ್ಲಿ ಪಾತ್ರೆಗೆ ತಾಗದಿರಲಿ. ಮುಟ್ಟುವ ಮೊದಲು ಮತ್ತು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಪೈಪೂ ಬ್ಯಾಗೂ ಸೇರುವ ಗಂಟನ್ನು ಸುಮ್ನೆ ಬಿಚ್ಚಬೇಡಿ.

ಪೈಪ್ ಒಳಹೋಗುವ ಜಾಗವನ್ನು ದಿನಾ ಸೋಪು ನೀರಿನಿಂದ ತೊಳೆದು, ಪೈಪನ್ನು ಮೈಯಿಂದ ಹೊರಮುಖವಾಗಿ ಒರೆಸಿ. ಹೊರಭಾಗಕ್ಕೆ ಕೈ ಸಿಗುತ್ತದೆ, ಅದಕ್ಕೆ ಒರೆಸುವುದು ಸಾಕು. ಡೆಟಾಲ್, ಆಂಟಿಸೆಪ್ಟಿಕ್ ಮುಲಾಮು ಏನೂ ಬೇಕಿಲ್ಲ. ಹೃದಯ, ಕಿಡ್ನಿ ಕಾರಣಕ್ಕೆ ನೀರು ಕಡಿಮೆ ಕುಡಿಯಿರಿ ಅಂತ ಹೇಳಿಲ್ಲವಾದರೆ ಚೆನ್ನಾಗಿ ನೀರು ಕುಡಿಸಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ತುಂಬಿದ ಕರುಳು ಒತ್ತಿದರೂ ಮೂತ್ರ ಇಳಿಯುವುದಿಲ್ಲ.

ಮಬ್ಬು, ವಾಸನೆ, ಪಸ್ ಸೆಲ್ಸ್, ಇವಿಷ್ಟೇ ಇದ್ದು ಮನುಷ್ಯ ಆರಾಮಾಗಿದ್ದರೆ ಸಾಮಾನ್ಯವಾಗಿ ಆಂಟಿಬಯಾಟಿಕ್ ಬೇಕಿಲ್ಲ. ಹಳೇ ಪೈಪ್ ಇರುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಹಾಗಾಗಿ ನನ್ನ ಹಾಗೆ ಲ್ಯಾಬಿಗೆ ಓಡಬೇಡಿ. ಚಳಿ ಜ್ವರ, ಸೊಂಟದ ಮೇಲೆ ಪಕ್ಕೆ ನೋವು, ವಯಸ್ಸಾದವರು ಇದ್ದಕ್ಕಿದ್ದಂತೆ ಏನೇನೋ ಮಾತಾಡುವುದು ಅಥವಾ ಮಂಪರು, ಮೂತ್ರದಲ್ಲಿ ರಕ್ತ, ಮೂತ್ರ ಇಳಿಯದೆ ಕೆಳಹೊಟ್ಟೆ ಊದುವುದು: ಇವು ಬಂದರೆ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.

ಹೋದಾಗ ಈ ಮಾತನ್ನು ಕೇಳಿ: "ಪೈಪ್ ಹಾಕಿ ಇಷ್ಟು ದಿನ ಆಯ್ತು ಡಾಕ್ಟ್ರೇ, ಬದಲಿಸಿ ಹೊಸ ಪೈಪಿನಿಂದ ಕಲ್ಚರ್‌ಗೆ ತೆಗೆಯೋಣವಾ?" ಎರಡು ವಾರಕ್ಕಿಂತ ಹಳೆಯ ಪೈಪಾದರೆ ಬದಲಿಸಿ, ಹೊಸದರಿಂದ ಸ್ಯಾಂಪಲ್ ತೆಗೆದು, ಆಮೇಲೆ ಔಷಧಿ ಶುರು ಮಾಡುವುದು ಸರಿಯಾದ ಕ್ರಮ. ಬ್ಯಾಗಿನಲ್ಲಿ ನಿಂತ ಮೂತ್ರ ಕಲ್ಚರ್‌ಗೆ ಆಗುವುದಿಲ್ಲ, ಅಲ್ಲಿ ಬೆಳೆದದ್ದೆಲ್ಲ ರಿಪೋರ್ಟಿನಲ್ಲಿ ಬರುತ್ತದೆ.

ಪೈಪ್ ಎಷ್ಟು ದಿನಕ್ಕೆ ಬದಲಿಸಬೇಕು ಅನ್ನುವುದು ಪೈಪಿನ ಜಾತಿಯ ಮೇಲೂ ರೋಗಿಯ ಮೇಲೂ ನಿಂತಿದೆ. ಲ್ಯಾಟೆಕ್ಸ್‌ನದು ಬೇಗ, ಸಿಲಿಕೋನ್‌ನದು ಜಾಸ್ತಿ ದಿನ. ಪೈಪ್ ಪದೇ ಪದೇ ಕಟ್ಟಿಕೊಳ್ಳುವವರಲ್ಲಿ, ಹಿಂದಿನ ಎರಡು ಮೂರು ಸಲ ಎಷ್ಟನೇ ದಿನಕ್ಕೆ ಕಟ್ಟಿತು ಅಂತ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಅದಕ್ಕಿಂತ ಕೆಲವು ದಿನ ಮೊದಲೇ ಬದಲಿಸುವಂತೆ ಅವರು ದಿನ ಗೊತ್ತು ಮಾಡುತ್ತಾರೆ.

ಹೆಜ್ಜೆ 5: ಲೆನ್ಸ್ ಡಬ್ಬಿ

ಲೆನ್ಸನ್ನು ಜೋಪಾನ ಮಾಡುವವರು ಡಬ್ಬಿಯನ್ನು ಮರೆಯುತ್ತಾರೆ. ಡಬ್ಬಿಯ ಗೋಡೆಯಲ್ಲಿ ಲೋಳೆ ಕಟ್ಟುತ್ತದೆ, ಸೂಡೊಮೊನಾಸ್ ಅಲ್ಲಿಗೆ ಇಷ್ಟಪಟ್ಟು ಬರುತ್ತದೆ, ಆ ಬ್ಯಾಕ್ಟೀರಿಯಾ ತಿನ್ನಲು ಅಕಾಂತಮೀಬಾ ಎಂಬ ಅಮೀಬಾ ಬರುತ್ತದೆ. ಎರಡೂ ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣು ಮಾಡಬಲ್ಲವು.

ಕೈ ತೊಳೆದು ಒರೆಸಿಕೊಳ್ಳಿ. ಲೆನ್ಸನ್ನು ಅಂಗೈಯಲ್ಲಿಟ್ಟು ಸೊಲ್ಯೂಷನ್ ಹಾಕಿ ಬೆರಳಿನಿಂದ ಮೆಲ್ಲಗೆ ಉಜ್ಜಿ, ಬಾಟಲಿ ಮೇಲೆ "ಉಜ್ಜುವುದು ಬೇಡ" ಅಂತಿದ್ದರೂ ಉಜ್ಜಿ. ಡಬ್ಬಿಯ ಹಳೇ ಸೊಲ್ಯೂಷನ್ ಚೆಲ್ಲಿ ದಿನಾ ಹೊಸದು ಹಾಕಿ. ನಿನ್ನೆಯದರ ಮೇಲೆ ಇವತ್ತಿನದು ಸುರಿಯುವುದು ಹಳಸಿದ ಸಾರಿಗೆ ಹೊಸ ಸಾರು ಬೆರೆಸಿದ ಹಾಗೆ. ಬೆಳಿಗ್ಗೆ ಡಬ್ಬಿಯನ್ನು ಸೊಲ್ಯೂಷನ್‌ನಲ್ಲೇ ಬೆರಳಿನಿಂದ ಉಜ್ಜಿ ತೊಳೆದು, ಟಿಶ್ಯೂನಿಂದ ಒರೆಸಿ, ಮುಚ್ಚಳ ತೆಗೆದು ಬೋರಲು ಹಾಕಿ. ನಲ್ಲಿ ನೀರು, ಎಂಜಲು ತಾಗಿಸಲೇಬಾರದು. ಹಾಕಿಕೊಂಡು ಮಲಗಬಾರದು. ಮೂರು ತಿಂಗಳಿಗೆ ಡಬ್ಬಿ ಬಿಸಾಡಿ.

ಕಣ್ಣು ಕೆಂಪಾಗಿ ನೋವು, ಬೆಳಕು ನೋಡಲು ಕಷ್ಟ ಅಂದರೆ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ಡಾಕ್ಟರ್ ಬಳಿ ಹೋಗಿ, ಡಬ್ಬಿಯನ್ನೂ ತೆಗೆದುಕೊಂಡು ಹೋಗಿ. ಮೆಡಿಕಲ್ ಶಾಪಿನ ಡ್ರಾಪ್ಸ್ ಬೇಡ, ಅದರಲ್ಲೂ ಸ್ಟೆರಾಯ್ಡ್ ಇರುವುದು.

ಹೆಜ್ಜೆ 6: ಮಾಯದ ಗಾಯ

ಉಜ್ಜಿ ಉಜ್ಜಿ ಅಂತ ಇಷ್ಟು ಹೊತ್ತು ಹೇಳಿದೆ ಅಂತ ಗಾಯವನ್ನು ಮನೆಯಲ್ಲಿ ಉಜ್ಜಲು ಹೋಗಬೇಡಿ! ಇಲ್ಲಿ ಕೆರೆಯುವ ಕೆಲಸ ಡಾಕ್ಟರದು.

ಗಾಯದ ತಳದಲ್ಲಿ ಹಳದಿ ಜಿಗುಟು ಪದರ ಕೂತಿರುತ್ತದೆ, ಒರೆಸಿದರೆ ನಾಳೆಗೆ ಮತ್ತೆ ಬರುತ್ತದೆ. ಅದರಲ್ಲಿ ಸತ್ತ ಮಾಂಸವೂ ಇರುತ್ತದೆ, ಎಷ್ಟೋ ಸಲ ಬಯೋಫಿಲ್ಮೂ ಇರುತ್ತದೆ. ಅಮೆರಿಕದ ಸಂಶೋಧಕರು 2008ರಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಹುಕಾಲದ 50 ಗಾಯಗಳಲ್ಲಿ 30ರಲ್ಲಿ ಬಯೋಫಿಲ್ಮ್ ಸಿಕ್ಕಿತು, ಹೊಸ ಗಾಯ 16ರಲ್ಲಿ ಒಂದರಲ್ಲಿ ಮಾತ್ರ. ಆ ಪದರವನ್ನು ಡಾಕ್ಟರ್ ಕೆರೆದು ತೆಗೆದ ಮೇಲಿನ ಒಂದೆರಡು ದಿನ ಔಷಧಿಗೆ ಒಳ್ಳೆಯ ಅವಕಾಶ, ಲೋಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಒಂದು ಸಲ ಕೆರೆದರೆ ಸಾಲದು, ಮತ್ತೆ ಮತ್ತೆ ಬನ್ನಿ ಅನ್ನುತ್ತಾರೆ. ದುಡ್ಡಿಗಾಗಿ ಕರೆಯುತ್ತಿದ್ದಾರೆ ಅಂತ ಅಂದುಕೊಂಡು ನಡುವೆ ಬಿಡಬೇಡಿ.

ಶುಗರ್ ಇರುವವರು ರಾತ್ರಿ ಮಲಗುವ ಮೊದಲು ಅಂಗಾಲು ನೋಡಿಕೊಳ್ಳಿ, ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ. ಗದ್ದೆಗೆ, ಗುಡಿಗೆ ಬರಿಗಾಲಲ್ಲಿ ಹೋಗುವವರಿಗೆ ಮುಳ್ಳು ಚುಚ್ಚಿದ್ದೇ ಗೊತ್ತಾಗಿರುವುದಿಲ್ಲ. ಗಾಯವಾದರೆ ಹರಿಯುವ ಶುದ್ಧ ನೀರು ಅಥವಾ ಸಲೈನ್‌ನಿಂದ ತೊಳೆದು, ಒಣ ಶುಚಿ ಡ್ರೆಸ್ಸಿಂಗ್ ಹಾಕಿ, ಬೇಗ ಡಾಕ್ಟರಿಗೆ ತೋರಿಸಿ, ಆ ಕಾಲಿನ ಮೇಲೆ ಭಾರ ಬಿಡಬೇಡಿ. ಅರಿಶಿನ, ಕಾಫಿಪುಡಿ, ಟೂತ್‌ಪೇಸ್ಟ್ ಬೇಡ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ದಿನಾ ಸುರಿಯುವುದೂ ಬೇಡ, ಅದು ಹೊಸದಾಗಿ ಬೆಳೆಯುತ್ತಿರುವ ಮಾಂಸವನ್ನೂ ಸುಡುತ್ತದೆ. ಕಪ್ಪಾಗುವುದು, ದುರ್ವಾಸನೆ, ಕೆಂಪು ಮೇಲಕ್ಕೆ ಹರಡುವುದು, ಜ್ವರ ಬಂದರೆ ಅದೇ ದಿನ ಆಸ್ಪತ್ರೆ.

ಹೆಜ್ಜೆ 7: ಒಳಗೆ ಕೂರಿಸಿದ್ದು

ಮಂಡಿ ಕೀಲು, ಸೊಂಟದ ಕೀಲು, ಮೂಳೆಗೆ ಹಾಕಿದ ರಾಡು, ಹೃದಯದ ಕವಾಟ, ಪೇಸ್‌ಮೇಕರ್. ಕೈಯೂ ಹೋಗದು, ಸುಲಭಕ್ಕೆ ತೆಗೆಯಲೂ ಆಗದು. ನಮ್ಮ ಚರ್ಮದ ಮೇಲೆ ಸಾಧುವಾಗಿ ಬದುಕುವ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬ ಬ್ಯಾಕ್ಟೀರಿಯಾ ಇಂಥ ಲೋಹ, ಪ್ಲಾಸ್ಟಿಕ್ ಸಿಕ್ಕರೆ ಅಂಟಿಕೊಂಡು ಲೋಳೆ ಕಟ್ಟುತ್ತದೆ.

ಇಲ್ಲಿ ದಿನಗಳ ಲೆಕ್ಕವೇ ಎಲ್ಲ. ಕೀಲು ಹಾಕಿದ ಮೊದಲ ಕೆಲವು ವಾರಗಳಲ್ಲಿ ಸೋಂಕು ಗೊತ್ತಾದರೆ ಒಳಗೆ ತೊಳೆದು, ಕೀಲನ್ನು ಉಳಿಸಿಕೊಂಡೇ ಗುಣ ಮಾಡುವ ಅವಕಾಶ ಇರುತ್ತದೆ. ಲೋಳೆ ಬಲಿತ ಮೇಲೆ ಬಹಳ ಸಲ ಕೀಲನ್ನೇ ತೆಗೆದು, ವಾರಗಟ್ಟಲೆ ಔಷಧಿ ಕೊಟ್ಟು, ಮತ್ತೆ ಹೊಸದು ಹಾಕಬೇಕಾಗುತ್ತದೆ. ಹಾಗಾಗಿ ಆಪರೇಷನ್ ಗಾಯದಿಂದ ನೀರು ಒಸರುವುದು ನಿಲ್ಲದಿದ್ದರೆ, ಕಡಿಮೆಯಾಗಿದ್ದ ನೋವು ಮತ್ತೆ ಏರಿದರೆ, ಕೆಂಪಾಗಿ ಬಿಸಿಯಾದರೆ "ಹಬ್ಬ ಮುಗಿಯಲಿ" ಅಂತ ಕಾಯಬೇಡಿ. ಆಪರೇಷನ್ ಮಾಡಿದವರ ಬಳಿಯೇ ಹೋಗಿ. ಹೋಗುವ ಮೊದಲು ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ. ನುಂಗಿದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು, ಆಮೇಲೆ ಶತ್ರು ಯಾರು ಅಂತ ಗೊತ್ತಿಲ್ಲದೆ ಯುದ್ಧ.

ಕೃತಕ ಕವಾಟ ಇರುವವರು ಹಲ್ಲು ಕೀಳಿಸುವ ಮೊದಲು ಡೆಂಟಿಸ್ಟಿಗೆ ತಪ್ಪದೆ ಹೇಳಿ, ಮುಂಚೆಯೇ ಒಂದು ಡೋಸ್ ಔಷಧಿ ಕೊಡುತ್ತಾರೆ. ಹಲ್ಲಿನ ಪಾಚಿಯಿಂದ ರಕ್ತಕ್ಕಿಳಿದ ಬ್ಯಾಕ್ಟೀರಿಯಾ ಕವಾಟದ ಮೇಲೆ ಕೂತರೆ ವಾರಗಟ್ಟಲೆ ನರಕ್ಕೆ ಇಂಜೆಕ್ಷನ್ ಕೊಡಬೇಕಾಗುತ್ತದೆ. ಕವಾಟ ಇದ್ದು ಕಾರಣ ಗೊತ್ತಾಗದ ಜ್ವರ ಬಂದರೆ ಮಾತ್ರೆಗೆ ಮೊದಲು ಬ್ಲಡ್ ಕಲ್ಚರ್ ಮಾಡಬೇಕಾ ಅಂತ ಕೇಳಿ.

ಲೋಹವೇ ಬೇಕೆಂದಿಲ್ಲ, ಕಲ್ಲೂ ಸಾಕು. ಟೈಫಾಯ್ಡ್ ಬ್ಯಾಕ್ಟೀರಿಯಾ ಪಿತ್ತಕೋಶದ ಕಲ್ಲಿನ ಮೇಲೆ ಲೋಳೆ ಕಟ್ಟಿ ವರ್ಷಗಟ್ಟಲೆ ಇರಬಲ್ಲದು. ಆ ಮನುಷ್ಯನಿಗೆ ಜ್ವರವಿಲ್ಲ ಏನಿಲ್ಲ, ಆದರೆ ಅವನ ಮಲದಿಂದ, ತೊಳೆಯದ ಕೈಯಿಂದ ಊರಿಗೆ ಟೈಫಾಯ್ಡ್. ಅಂಥವರಿಗೆ ಕೆಲವೊಮ್ಮೆ ಪಿತ್ತಕೋಶವನ್ನೇ ತೆಗೆಯಬೇಕಾಗುತ್ತದೆ.

ಹೆಜ್ಜೆ 8: ಮಾತ್ರೆ ನುಂಗುವಾಗ

ಇಷ್ಟೆಲ್ಲ ಓದಿ ಆಂಟಿಬಯಾಟಿಕ್ ದಂಡ ಅಂದುಕೊಳ್ಳಬೇಡಿ. ಲೋಳೆಯಿಂದ ಕಳಚಿ ರಕ್ತಕ್ಕೆ ಬಿದ್ದ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಅದೇ, ಜೀವ ಉಳಿಸುವುದೂ ಅದೇ. ಕೊಟ್ಟಿದ್ದನ್ನು ಹೇಳಿದಷ್ಟು ದಿನ ನುಂಗಿ. ಅದೇ ಸೋಂಕು ಎರಡನೇ ಸಲ ಬಂದರೆ ಹಳೇ ಚೀಟಿ ಹಿಡಿದು ಅಂಗಡಿಗೆ ಹೋಗಬೇಡಿ. ಡಾಕ್ಟರ್ ಬಳಿ ಹೋಗಿ "ಇದು ಎಲ್ಲಿ ಅಂಟಿಕೊಂಡಿರಬಹುದು, ಅದನ್ನು ತೆಗೆಯಬಹುದಾ, ಬದಲಿಸಬಹುದಾ?" ಅಂತ ಕೇಳಿ. ಅಪ್ಪನ ಎರಡನೇ ಸಲ ನಾನು ಇದನ್ನು ಕೇಳಿದ್ದರೆ ಮೂರನೇ ಸಲದ ಇಂಜೆಕ್ಷನ್ ತಪ್ಪುತ್ತಿತ್ತೋ ಏನೋ.

ನಮ್ಮ ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಈಗ ಏಕಾದಶಿ, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನದ ಜೊತೆಗೆ ಅಪ್ಪನ ಪೈಪಿನ ದಿನಕ್ಕೂ ಕೆಂಪು ಸುತ್ತು ಇದೆ. ಹಿಂದಿನ ಸಲ 26ನೇ ದಿನಕ್ಕೆ ಕಟ್ಟಿತ್ತು, ಅದಕ್ಕೇ ಡಾಕ್ಟರ್ 21ಕ್ಕೆ ಹಾಕಿಸಿದ್ದಾರೆ. ಸಿಸ್ಟರ್ ಹಿಂದಿನ ಸಂಜೆಯೇ ಫೋನ್ ಮಾಡಿ, ಹೊಸ ಪೈಪ್ ತಂದಿಟ್ಟಿದ್ದೀರಾ ಅಂತ ಕೇಳುತ್ತಾರೆ.